ಹೊಸ ವರ್ಷದ ಸಂಕಲ್ಪಕ್ಕೆ ಒಂದೇ ಒಂದು ಹಾಡು: ಆರಿಸುವ, ಕಲಿಯುವ, ಉಳಿಸಿಕೊಳ್ಳುವ ಬಗೆ

ಯುಗಾದಿಯ ಬೆಳಗ್ಗೆ ಬಾಗಿಲಿಗೆ ಮಾವಿನ ತೋರಣ ಕಟ್ಟುವ ಹೊತ್ತಿಗೆ ‘ಯುಗಯುಗಾದಿ ಕಳೆದರೂ’ ಎಂಬ ಹಾಡು ಕೇಳಿಬರದ ಬೀದಿ ನಮ್ಮಲ್ಲಿ ಕಡಿಮೆ. ಬೇವುಬೆಲ್ಲ ಬಾಯಿಗೆ ಬಿದ್ದು, ಒಬ್ಬಟ್ಟಿನ ಊಟ ಮುಗಿದ ಮೇಲೆ ಆ ಹಾಡು ಮುಂದಿನ ಯುಗಾದಿಯವರೆಗೆ ಯಾರ ಬಾಯಲ್ಲೂ ಇರುವುದಿಲ್ಲ. ಹೊಸ ವರ್ಷದ ದಿನ ನಾವು ಕೈಗೊಳ್ಳುವ ಸಂಕಲ್ಪಗಳ ಗತಿಯೂ ಹೆಚ್ಚುಕಡಿಮೆ ಇದೇ. ಹಾಡನ್ನೂ ಸಂಕಲ್ಪವನ್ನೂ ಒಂದಕ್ಕೊಂದು ಕಟ್ಟಿಹಾಕಿ, ಒಂದು ಮರೆತರೆ ಇನ್ನೊಂದು ನೆನಪಿಸುವಂತೆ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಇದಕ್ಕೆ ಸಂಗೀತದ ಪಾಠವಾಗಿರಬೇಕಿಲ್ಲ. ಶ್ರುತಿ ಹಿಡಿಯದ ಗಂಟಲಿನವರಿಗೂ ಇದು ಸಾಧ್ಯ.

ಕನ್ನಡಿಗರಿಗೆ ಒಂದು ಅನುಕೂಲವಿದೆ. ನಮಗೆ ವರ್ಷ ಎರಡು ಸಲ ಹುಟ್ಟುತ್ತದೆ: ಜನವರಿ 1ರಂದು ಒಮ್ಮೆ, ಚೈತ್ರ ಶುದ್ಧ ಪಾಡ್ಯದಂದು ಇನ್ನೊಮ್ಮೆ. ತುಳುನಾಡಿನವರಿಗೆ ಏಪ್ರಿಲ್ ನಡುವಿನ ಬಿಸು ಹಬ್ಬವೂ ಉಂಟು. 2026ರಲ್ಲಿ ಪರಾಭವ ಸಂವತ್ಸರದ ಯುಗಾದಿ ಮಾರ್ಚ್ 19ಕ್ಕೆ ಬೀಳುವುದರಿಂದ ಜನವರಿ 1ಕ್ಕೂ ಅದಕ್ಕೂ ನಡುವೆ ಸರಿಯಾಗಿ ಹನ್ನೊಂದು ವಾರಗಳ ಅಂತರವಿದೆ. ಈ ಹನ್ನೊಂದು ವಾರವನ್ನು ಹಾಡನ್ನು ಹುಡುಕಿ, ಹಾಡಿ ನೋಡಿ, ಒಗ್ಗದಿದ್ದರೆ ಬದಲಿಸುವ ಅವಧಿಯೆಂದು ಭಾವಿಸಿಕೊಳ್ಳಿ. ಯುಗಾದಿಯಂದು ಅದನ್ನು ಗಟ್ಟಿಮಾಡಿಕೊಳ್ಳಿ. ಜನವರಿಯ ಸಂಕಲ್ಪ ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೇ ಸಡಿಲವಾಗಿದ್ದರೆ ಬೇಸರಪಡಬೇಕಾಗಿಲ್ಲ, ಚೈತ್ರ ಇನ್ನೂ ಮುಂದಿದೆ.

ಮೊದಲನೆಯ ನಿಯಮ: ಸಂಕಲ್ಪ ಒಂದು, ಹಾಡೂ ಒಂದು. ಹಲವು ವರ್ಷಗಳ ಹಿಂದೆ ನಾನು ಹದಿನೈದು ಹಾಡುಗಳ ಪಟ್ಟಿ ಮಾಡಿ, ಎಲ್ಲವನ್ನೂ ಮೊಬೈಲಿಗೆ ತುಂಬಿಕೊಂಡು ದಿನವೂ ಕೇಳುತ್ತಿದ್ದೆ. ತಿಂಗಳು ಕಳೆದರೂ ಒಂದು ಹಾಡಿನ ಎರಡನೆಯ ನುಡಿಯೂ ನನಗೆ ಬಾಯಿಗೆ ಬಂದಿರಲಿಲ್ಲ, ಬಿಡಬೇಕೆಂದುಕೊಂಡಿದ್ದ ದುರಭ್ಯಾಸವೂ ಬಿಟ್ಟಿರಲಿಲ್ಲ. ಹಾಡಿನ ಮೇಲೆ ಹಾಡು ಕೇಳುತ್ತಾ ಹೋದರೆ ಮನಸ್ಸಿಗೆ ಹಿತವಾಗುತ್ತದೆ, ಆ ಹಿತದಲ್ಲಿಯೇ ಏನೋ ಸಾಧಿಸಿದೆವೆಂಬ ತೃಪ್ತಿ ಹುಟ್ಟಿ ಮಾಡಬೇಕಾದ ಕೆಲಸ ಹಿಂದೆ ಬೀಳುತ್ತದೆ. ನಿಜವಾಗಿ ನಮ್ಮೊಳಗೆ ಇಳಿಯುವುದು ನಾವೇ ಹಾಡಿಕೊಂಡದ್ದು.

ಹಾಡು ಯಾರೊಡನೆ ಮಾತಾಡುತ್ತಿದೆ?

ಹಾಡನ್ನು ಆರಿಸುವಾಗ ರಾಗ ಇಷ್ಟವಾಯಿತೇ, ಗಾಯಕರ ಕಂಠ ಚೆನ್ನಾಗಿದೆಯೇ ಎಂದು ನೋಡುವುದಕ್ಕಿಂತ ಮೊದಲು ಆ ಹಾಡು ಯಾರನ್ನು ಕುರಿತು ಮಾತಾಡುತ್ತಿದೆ ಎಂದು ನೋಡಿ. ನನ್ನ ಅನುಭವದಲ್ಲಿ ಇದೊಂದೇ ಪ್ರಶ್ನೆ ಅರ್ಧ ಕೆಲಸ ಮುಗಿಸುತ್ತದೆ. ಋತು ಬಂತೆಂದು ಸಾರುವ ಹಾಡುಗಳಿವೆ, ಬಿ.ಎಂ.ಶ್ರೀ. ಅವರು ಇಂಗ್ಲಿಷಿನಿಂದ ತಂದ ‘ವಸಂತ ಬಂದ, ಋತುಗಳ ರಾಜ ತಾ ಬಂದ’ ಅಂಥದ್ದು. ಕೇಳಿದರೆ ಮೈಮನ ಅರಳುತ್ತದೆ, ಮಕ್ಕಳಿಗೆ ಕಲಿಸಲು ಅದಕ್ಕಿಂತ ಚೆಂದದ ಪದ್ಯ ಸಿಗಲಾರದು. ಆದರೆ ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಸಂಕಲ್ಪಕ್ಕೆ ಬೇಕಾದದ್ದು ನಮ್ಮನ್ನು ಹೆಸರು ಹಿಡಿದು ಕರೆಯುವ ಹಾಡು.

ಕನ್ನಡದಲ್ಲಿ ಹಾಗೆ ಕರೆಯುವ ಹಾಡುಗಳಿಗೆ ಕೊರತೆಯಿಲ್ಲ, ಏಕೆಂದರೆ ನಮ್ಮ ದಾಸರು ಮತ್ತು ಕವಿಗಳು ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡುವ ರೂಢಿಯನ್ನು ನೂರಾರು ವರ್ಷಗಳಿಂದ ಬೆಳೆಸಿದ್ದಾರೆ. ಕನಕದಾಸರು ‘ತಾಳು ಮನವೇ’ ಎನ್ನುತ್ತಾರೆ. ಕುವೆಂಪು ‘ಓ ನನ್ನ ಚೇತನ’ ಎನ್ನುತ್ತಾರೆ. ಇಂಥ ಹಾಡನ್ನು ಬಾಯಿಗೆ ತಂದುಕೊಂಡರೆ ಹಾಡುವವರೂ ನಾವೇ, ಬುದ್ಧಿ ಹೇಳಿಸಿಕೊಳ್ಳುವವರೂ ನಾವೇ ಆಗುತ್ತೇವೆ. ಪುರಂದರದಾಸರ ‘ಮಾನವ ಜನ್ಮ ದೊಡ್ಡದು’ ಎಂಬ ಕೀರ್ತನೆ ಇದಕ್ಕಿಂತ ಬೇರೆ. ಅದು ‘ಹುಚ್ಚಪ್ಪಗಳಿರಾ’ ಎಂದು ಎದುರಿನವರನ್ನು ಗದರಿಸುತ್ತದೆ. ಅದು ಅಪೂರ್ವವಾದ ಕೀರ್ತನೆಯೇ. ಆದರೂ ಸಂಕಲ್ಪಕ್ಕಾಗಿ ಅದನ್ನು ಆರಿಸಿಕೊಳ್ಳುವವರು ಆ ಬೈಗುಳ ಪಕ್ಕದ ಮನೆಯವರಿಗೆ ಹೋಗದೆ ತಮ್ಮ ಕಡೆಗೇ ತಿರುಗುವಂತೆ ಎಚ್ಚರವಹಿಸಬೇಕು. ಇನ್ನು ‘ನಾವು’ ಎಂದು ಹಾಡುವ ಗೀತೆಗಳು. ಗೋಪಾಲಕೃಷ್ಣ ಅಡಿಗರ ‘ಕಟ್ಟುವೆವು ನಾವು ಹೊಸ ನಾಡೊಂದನು’ ಒಬ್ಬರ ಸಂಕಲ್ಪಕ್ಕೆ ಒಗ್ಗುವುದಿಲ್ಲ. ಕೆರೆಯ ಹೂಳೆತ್ತಲು ಹೊರಟ ಊರಿನ ಯುವಕರಿಗೆ, ಗ್ರಂಥಾಲಯ ತೆರೆಯಲು ಹೊರಟ ಗೆಳೆಯರಿಗೆ ಅದು ಸಲ್ಲುತ್ತದೆ.

ಯುಗಾದಿಯ ಹಾಡನ್ನು ಪೂರ್ತಿ ಓದಿ

ಎಲ್ಲರಿಗೂ ಗೊತ್ತಿರುವ ಹಾಡನ್ನೇ ತೆಗೆದುಕೊಂಡು, ಓದುವುದೆಂದರೆ ಏನೆಂದು ತೋರಿಸುತ್ತೇನೆ. ‘ಯುಗಾದಿ’ ದ.ರಾ. ಬೇಂದ್ರೆಯವರ ಕವಿತೆ. 1963ರ ‘ಕುಲವಧು’ ಚಿತ್ರಕ್ಕಾಗಿ ಜಿ.ಕೆ. ವೆಂಕಟೇಶ್ ಅದಕ್ಕೆ ರಾಗ ಹಾಕಿದರು, ಎಸ್. ಜಾನಕಿ ಹಾಡಿದರು, ಅಂದಿನಿಂದ ಅದು ಹಬ್ಬದ ಹಾಡಾಗಿ ನಿಂತಿದೆ. ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿರುವುದು ಪಲ್ಲವಿ: ಹೊಸ ವರ್ಷ, ಹೊಸ ಹರ್ಷ, ಹೊಸತು ಹೊಸತು. ಅದಕ್ಕೆ ಮುಂದೆ ಹೊಂಗೆಯ ಹೂಗೊಂಚಲಲ್ಲಿ ದುಂಬಿಯ ಸಂಗೀತವಿದೆ, ಕಹಿ ಬೇವಿನ ಹೂವಿನ ನಸುಗಂಪಿದೆ, ತೋರಣದಂತೆ ಸಾಲುಗಟ್ಟಿದ ಗಿಳಿಗಳಿವೆ. ಚೈತ್ರದಲ್ಲಿ ಹೊಂಗೆಯ ಮರದ ಕೆಳಗೆ ನಿಂತವರಿಗೆ ಇದರಲ್ಲಿ ಒಂದಕ್ಷರವೂ ಹೆಚ್ಚಾಗಿಲ್ಲವೆಂದು ತಿಳಿಯುತ್ತದೆ.

ಆದರೆ ಕವಿತೆ ಅಲ್ಲಿಗೆ ನಿಲ್ಲುವುದಿಲ್ಲ. ಸಕಲ ಜೀವಜಾತಕ್ಕೂ ವರ್ಷಕ್ಕೊಂದು ಹೊಸ ಜನ್ಮ ಸಿಗುತ್ತಿರುವಾಗ, ಒಂದೇ ಬಾಲ್ಯ, ಒಂದೇ ಹರೆಯ, ‘ನಮಗದಷ್ಟೆ ಏತಕೆ’ ಎಂದು ಕವಿ ಕೇಳುತ್ತಾರೆ. ಹಬ್ಬದ ಹಾಡಿನ ಹೊಟ್ಟೆಯಲ್ಲಿ ಹೀಗೊಂದು ದೂರು ಇದೆ. ಮುಂದಿನ ನುಡಿಯಲ್ಲಿ ದೂರು ಇನ್ನೂ ಹರಿತವಾಗುತ್ತದೆ: ‘ನಿದ್ದೆಗೊಮ್ಮೆ ನಿತ್ಯ ಮರಣ, ಎದ್ದ ಸಲ ನವೀನ ಜನನ, ನಮಗೆ ಏಕೆ ಬಾರದು?’ ಎಂದೆಂದೂ ಬಾಲಕನಾಗಿಯೇ ಉಳಿದ ಸನತ್ಕುಮಾರನನ್ನು ಕರೆದು ಕೇಳುವ ಈ ಪ್ರಶ್ನೆಗೆ ಕವಿತೆಯೊಳಗೆ ಉತ್ತರ ಬರುವುದಿಲ್ಲ. ಪಲ್ಲವಿ ಮರಳಿ ಬರುತ್ತದೆ, ಅಷ್ಟೆ. ಆ ಉತ್ತರವನ್ನು ಕೊಡಬೇಕಾದವರು ಹಾಡುವ ನಾವು ಎಂದು ನಾನು ತಿಳಿದಿದ್ದೇನೆ. ವರ್ಷಕ್ಕೊಮ್ಮೆ ಹೊಸಬರಾಗುತ್ತೇವೆಂದುಕೊಂಡರೆ ಒಂದು ದಿನ ತಪ್ಪಿದೊಡನೆ ಇಡೀ ವರ್ಷ ಕೆಟ್ಟಿತೆನಿಸುತ್ತದೆ. ನಿದ್ದೆಯಿಂದ ಎದ್ದ ಸಲವೆಲ್ಲ ಹೊಸ ಹುಟ್ಟು ಎಂದುಕೊಂಡರೆ, ನಿನ್ನೆ ತಪ್ಪಿದವನಿಗೆ ಇಂದು ಬೆಳಗ್ಗೆಯೇ ಯುಗಾದಿ. ಆದ್ದರಿಂದ ಈ ಹಾಡನ್ನು ಆರಿಸಿಕೊಳ್ಳುವವರಿಗೆ ನನ್ನ ಸಲಹೆ: ಪಲ್ಲವಿಯನ್ನು ಹಬ್ಬಕ್ಕೆ ಬಿಡಿ, ‘ನಿದ್ದೆಗೊಮ್ಮೆ’ ಎಂಬ ನುಡಿಯನ್ನು ದಿನಕ್ಕಿಟ್ಟುಕೊಳ್ಳಿ.

ಸಂಕಲ್ಪಕ್ಕೆ ತಕ್ಕ ಹಾಡು

ಚಿಂತೆಯನ್ನು ಕಡಿಮೆ ಮಾಡಿಕೊಳ್ಳಬೇಕು, ಸಣ್ಣ ವಿಷಯಕ್ಕೆ ಎದೆ ಹೊಡೆದುಕೊಳ್ಳುವುದನ್ನು ನಿಲ್ಲಿಸಬೇಕು ಎನ್ನುವವರಿಗೆ ಕನಕದಾಸರ ‘ತಲ್ಲಣಿಸದಿರು ಕಂಡ್ಯ’ ಎಂಬ ಕೀರ್ತನೆಗೆ ಸಮನಾದದ್ದನ್ನು ನಾನು ಕಂಡಿಲ್ಲ. ಅದು ಬರಿದೆ ಸಮಾಧಾನ ಹೇಳುವುದಿಲ್ಲ, ಕಣ್ಣಿಗೆ ಕಾಣುವ ಸಾಕ್ಷಿಗಳನ್ನು ಮುಂದಿಡುತ್ತದೆ: ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು, ಅಡವಿಯ ಮೃಗಪಕ್ಷಿಗಳಿಗೆ ಆಹಾರ ಕೊಟ್ಟವರು ಯಾರು, ಕಲ್ಲಿನಲ್ಲಿ ಹುಟ್ಟಿ ಕೂಗುವ ಕಪ್ಪೆಗೆ ಅಲ್ಲಿಯೇ ಉಣಿಸಿದವರು ಯಾರು? ಒಂದೊಂದು ಪ್ರಶ್ನೆಯ ಬಳಿಕವೂ ಮನಸ್ಸು ‘ತಾಳು’ ಎಂಬ ಮಾತಿಗೆ ಮರಳುತ್ತದೆ. ತಲ್ಲಣ ಏರಿದಾಗ ಉಸಿರು ಚಿಕ್ಕದಾಗುವುದನ್ನು ಬಲ್ಲವರು, ಈ ಉದ್ದನೆಯ ಸಾಲುಗಳನ್ನು ಒಂದೇ ಉಸಿರಿನಲ್ಲಿ ಮುಗಿಸಲು ಯತ್ನಿಸಿದರೆ ಉಸಿರು ತಾನಾಗಿ ನಿಧಾನವಾಗುವುದನ್ನೂ ಕಾಣುತ್ತಾರೆ.

ನಾಲಿಗೆಯನ್ನು ತಿದ್ದಿಕೊಳ್ಳಬೇಕೆನ್ನುವವರಿಗೆ ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನವಿದೆ. ಶಾಲೆಯಲ್ಲಿ ಕಂಠಪಾಠ ಮಾಡಿದ್ದರಿಂದಲೋ ಏನೋ ಅದು ನಮಗೆ ಸವೆದ ನಾಣ್ಯದಂತೆ ತೋರುತ್ತದೆ. ನಿಧಾನವಾಗಿ ಎಣಿಸಿ ನೋಡಿ. ಅಲ್ಲಿ ಏಳು ‘ಬೇಡ’ಗಳಿವೆ. ಕಳವು, ಕೊಲೆ ನಮ್ಮಲ್ಲಿ ಹೆಚ್ಚಿನವರಿಗೆ ದೂರದ ಮಾತು. ಆದರೆ ಹುಸಿ ನುಡಿಯುವುದು, ಮುನಿಯುವುದು, ಅನ್ಯರಿಗೆ ಅಸಹ್ಯಪಡುವುದು, ತನ್ನ ಬಣ್ಣಿಸಿಕೊಳ್ಳುವುದು, ಇದಿರ ಹಳಿಯುವುದು, ಈ ಐದರಲ್ಲಿ ಒಂದನ್ನೂ ಮಾಡದೆ ಒಂದು ದಿನ ಕಳೆದವರು ಎಷ್ಟು ಮಂದಿ? ಇಡೀ ವಚನವನ್ನು ಹಾಡಿಕೊಂಡು, ಐದರಲ್ಲಿ ಒಂದನ್ನು ಮಾತ್ರ ವರ್ಷದ ಸಂಕಲ್ಪವಾಗಿ ಹಿಡಿಯಿರಿ. ‘ತನ್ನ ಬಣ್ಣಿಸಬೇಡ’ ಎಂಬುದನ್ನು ಹಿಡಿದವರಿಗೆ ವರ್ಷವಿಡೀ ಬೇಕಾದಷ್ಟು ಕೆಲಸವಿರುತ್ತದೆ; ಫೋನು ಕೈಯಲ್ಲಿರುವ ಈ ಕಾಲದಲ್ಲಂತೂ ಗಳಿಗೆಗೊಮ್ಮೆ ಪರೀಕ್ಷೆ. ವಚನಗಳಿಗೆ ಕೀರ್ತನೆಯಂತೆ ಕಟ್ಟಿದ ತಾಳವಿಲ್ಲವೆಂದು ಹಿಂಜರಿಯಬೇಡಿ. ಮಲ್ಲಿಕಾರ್ಜುನ ಮನ್ಸೂರ್ ಅವರು ಹಾಡಿದ ವಚನಗಳನ್ನು ಕೇಳಿದರೆ ಮಾತಿನ ನಡೆಯಿಂದಲೇ ರಾಗ ಹೇಗೆ ಹುಟ್ಟುತ್ತದೆಂಬುದು ತಿಳಿಯುತ್ತದೆ.

ಮನಸ್ಸಿನಲ್ಲಿ ಬೇರೂರಿದ ಜಾತಿಯ, ಮತದ, ಪಂಗಡದ ಅಭಿಮಾನವನ್ನು ಕಳಚಿಕೊಳ್ಳುವುದೂ ಒಂದು ಸಂಕಲ್ಪ. ಅದನ್ನು ಕೈಗೊಳ್ಳುವವರು ಕಡಿಮೆ, ಕೈಗೊಂಡವರಿಗೆ ಕುವೆಂಪು ಅವರ ‘ಅನಿಕೇತನ’ ಗೀತೆಯೇ ದಾರಿ. ನೂರು ಮತದ ಹೊಟ್ಟನ್ನು ತೂರು ಎಂದು ಅದು ಹೇಳುವಾಗ ಕಣದಲ್ಲಿ ಮೊರ ಹಿಡಿದು ನಿಂತ ರೈತನ ಚಿತ್ರ ಕಣ್ಣೆದುರು ಬರಬೇಕು: ಹೊಟ್ಟು ಗಾಳಿಗೆ ಹಾರುತ್ತದೆ, ಕಾಳು ಕಾಲ ಬಳಿ ಬೀಳುತ್ತದೆ. ಒಂದು ಎಚ್ಚರಿಕೆ ಇದೆ. ‘ಮನೆಯನೆಂದೂ ಕಟ್ಟದಿರು’ ಎನ್ನುವ ಈ ಗೀತೆ ಅಭ್ಯಾಸವೊಂದನ್ನು ಕಟ್ಟಿಕೊಳ್ಳಲು ಹೊರಟವರಿಗೆ, ಅಂದರೆ ದಿನವೂ ಇಷ್ಟು ಪುಟ ಓದುತ್ತೇನೆ, ಇಷ್ಟು ದೂರ ನಡೆಯುತ್ತೇನೆ ಎನ್ನುವವರಿಗೆ ಹೊಂದುವುದಿಲ್ಲ. ಬಿಡುವ ಸಂಕಲ್ಪಕ್ಕೆ ಬಿಡಿಸುವ ಹಾಡು ಬೇಕು, ಕಟ್ಟುವ ಸಂಕಲ್ಪಕ್ಕೆ ಕಟ್ಟಿಸುವ ಹಾಡು ಬೇಕು.

ಕಟ್ಟಿಸುವ ಹಾಡೆಂದರೆ ಮೊದಲು ನೆನಪಾಗುವುದು 1972ರ ‘ಬಂಗಾರದ ಮನುಷ್ಯ’ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ‘ಆಗದು ಎಂದು, ಕೈಲಾಗದು ಎಂದು’. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನೂ, ವಿಶ್ವೇಶ್ವರಯ್ಯನವರ ಕನ್ನಂಬಾಡಿಯನ್ನೂ ಒಂದೇ ಹಾಡಿನಲ್ಲಿ ತಂದ ಆ ಗೀತೆಯನ್ನು ಹಳ್ಳಿಯ ಹಿರಿಯರು ಇಂದಿಗೂ ಹೊಲದ ಬದುವಿನಲ್ಲಿ ಗುನುಗುತ್ತಾರೆ. ಮುಂದೂಡುವ ಚಾಳಿಗೆ ಅದು ಮದ್ದು.

ಬೇಗ ಏಳಬೇಕೆನ್ನುವವರಿಗೆ ಬೇಂದ್ರೆಯವರ ‘ಮೂಡಲ ಮನೆಯ’ ಸಾಕು. 1967ರ ‘ಬೆಳ್ಳಿಮೋಡ’ದಲ್ಲಿ ವಿಜಯಭಾಸ್ಕರ್ ಸಂಗೀತದಲ್ಲಿ ಎಸ್. ಜಾನಕಿ ಅದನ್ನೂ ಹಾಡಿದ್ದಾರೆ. ‘ಇದು ಬರಿ ಬೆಳಗಲ್ಲೋ ಅಣ್ಣಾ’ ಎಂಬ ಮಾತಿನ ಅರ್ಥ ಹಾಸಿಗೆಯಲ್ಲಿ ಮಲಗಿ ಕೇಳಿದರೆ ತಿಳಿಯುವುದಿಲ್ಲ, ಪೂರ್ವ ದಿಕ್ಕಿಗೆ ಮುಖ ಮಾಡಿ ಅಂಗಳದಲ್ಲೋ ಮಾಳಿಗೆಯ ಮೇಲೋ ನಿಂತು ಹಾಡಬೇಕು.

ಮುರಿದ ಸಂಬಂಧವನ್ನು ಬೆಸೆಯಬೇಕು, ಮಾತು ಬಿಟ್ಟ ಅಣ್ಣನಿಗೆ ಈ ವರ್ಷವಾದರೂ ಫೋನು ಮಾಡಬೇಕು ಎನ್ನುವವರು ಜಿ.ಎಸ್. ಶಿವರುದ್ರಪ್ಪನವರ ಹಣತೆಯ ಕವಿತೆಯನ್ನು ಹತ್ತಿರ ಇಟ್ಟುಕೊಳ್ಳಲಿ. ಕತ್ತಲನ್ನು ಗೆಲ್ಲುತ್ತೇನೆಂಬ ಜಿದ್ದು ಅದರಲ್ಲಿಲ್ಲ. ಇರುವಷ್ಟು ಹೊತ್ತು ನಿನ್ನ ಮುಖ ನಾನು, ನನ್ನ ಮುಖ ನೀನು ನೋಡಬಹುದೆಂಬ ಒಂದೇ ಆಸೆಯಿಂದ ಅಲ್ಲಿ ಹಣತೆ ಹಚ್ಚಲಾಗುತ್ತದೆ. ದೊಡ್ಡ ಮಾತಿನ ಸಂಕಲ್ಪಗಳಿಂದ ದಣಿದವರಿಗೆ ಈ ಸಣ್ಣ ಆಸೆ ಎಷ್ಟು ದೊಡ್ಡದೆಂಬುದು ಗೊತ್ತಾಗುತ್ತದೆ.

ಉದ್ದನೆಯ ಹಾಡು ನೆನಪಿನಲ್ಲಿ ನಿಲ್ಲದಿದ್ದರೆ ಡಿ.ವಿ.ಜಿ. ಅವರ ಕಗ್ಗದಿಂದ ನಾಲ್ಕು ಸಾಲಿನ ಒಂದು ಪದ್ಯ ಆರಿಸಿಕೊಳ್ಳಬಹುದು. ‘ಹೊಸ ಚಿಗುರು ಹಳೆ ಬೇರು’ ಎಂದು ತೊಡಗುವ ಪದ್ಯ, ತಾತ ಬಿಟ್ಟುಹೋದ ಕೆಲಸವನ್ನೋ ಕಲೆಯನ್ನೋ ಮತ್ತೆ ಎತ್ತಿಕೊಳ್ಳುವವರಿಗೆ ಹೇಳಿ ಮಾಡಿಸಿದಂತಿದೆ.

ಕಲಿಯುವ ಬಗೆ

ಹಾಡನ್ನು ಆರಿಸಿದ ಮೊದಲ ವಾರ ಧ್ವನಿಮುದ್ರಣ ಕೇಳಬೇಡಿ. ಪುಸ್ತಕದಲ್ಲಿ ಅಚ್ಚಾದ ಪಾಠವನ್ನು ಹುಡುಕಿ, ಅದನ್ನು ನಿಮ್ಮ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ; ಅಂತರಜಾಲದಲ್ಲಿ ಸಿಗುವ ಪಾಠಗಳಲ್ಲಿ ಅಕ್ಷರದೋಷಗಳು ಹೇರಳ, ಕೆಲವೊಮ್ಮೆ ಒಂದು ನುಡಿಯೇ ಬಿಟ್ಟುಹೋಗಿರುತ್ತದೆ. ಅರ್ಥವಾಗದ ಪದಗಳ ಕೆಳಗೆ ಗೆರೆ ಎಳೆದು ನಿಘಂಟು ನೋಡಿ, ಇಲ್ಲವೆ ಮನೆಯ ಹಿರಿಯರನ್ನು ಕೇಳಿ. ‘ಕಂಡ್ಯ’ ಎಂದರೆ ಕಂಡೆಯಾ ಎಂದು ತಿಳಿದ ಗಳಿಗೆಯಲ್ಲಿ ಕನಕದಾಸರು ಹೆಗಲ ಮೇಲೆ ಕೈಯಿಟ್ಟು ಮಾತಾಡಿದಂತಾಗುತ್ತದೆ. ಎರಡನೆಯ ವಾರ ದಿನಕ್ಕೊಮ್ಮೆ ಗಟ್ಟಿಯಾಗಿ ಓದಿ, ರಾಗವಿಲ್ಲದೆ. ಮೂರನೆಯ ವಾರದಿಂದ ಒಬ್ಬ ಗಾಯಕರ ಮುದ್ರಣವನ್ನು ಮಾತ್ರ ಕೇಳಿ ಜೊತೆಗೆ ಹಾಡಿಕೊಳ್ಳಿ, ಆಮೇಲೆ ಅದನ್ನು ನಿಲ್ಲಿಸಿ ಒಬ್ಬರೇ ಹಾಡಿ. ಆರನೆಯ ವಾರಕ್ಕೆ ಹಾಳೆ ನೋಡದೆ ಹಾಡಲು ಬಾರದಿದ್ದರೆ ಹಾಡು ನಿಮಗೆ ದೊಡ್ಡದಾಯಿತೆಂದು ತಿಳಿದು ಎರಡು ನುಡಿಗೆ ಇಳಿಸಿ.

ಕೆಲಸಕ್ಕೆ ಕಟ್ಟುವುದು

ಹಾಡನ್ನು ಕೆಲಸಕ್ಕೆ ಕಟ್ಟುವ ವಿದ್ಯೆಯನ್ನು ನಮ್ಮ ಹಳ್ಳಿಯ ಹೆಣ್ಣುಮಕ್ಕಳಿಂದ ಕಲಿಯಬೇಕು. ಕೋಳಿ ಕೂಗುವ ಮೊದಲೇ ಎದ್ದು ರಾಗಿಯನ್ನೋ ಜೋಳವನ್ನೋ ಬೀಸಲು ಕುಳಿತವರು ‘ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ’ ಎಂದು ತ್ರಿಪದಿ ತೆಗೆಯುತ್ತಿದ್ದರು. ಎಳ್ಳು ಜೀರಿಗೆ ಬೆಳೆಯುವ ಭೂಮಿತಾಯಿಯನ್ನು ನೆನೆದು ಕಲ್ಲು ತಿರುವುತ್ತಿದ್ದರು. ಅವರು ಹಾಡಲು ಹುಮ್ಮಸ್ಸು ಬರಲಿ ಎಂದು ಕಾಯಲಿಲ್ಲ. ಗೂಟಕ್ಕೆ ಕೈ ಹಾಕಿದರೆ ಪದ ಬರುತ್ತಿತ್ತು, ಪದ ಬಂದರೆ ಕಲ್ಲು ತಿರುಗುತ್ತಿತ್ತು. ಕಲ್ಲಿನ ಸುತ್ತಿಗೂ ಪದದ ಲಯಕ್ಕೂ ಹೊಂದಿಕೆ ಇದ್ದುದರಿಂದ ಸೇರುಗಟ್ಟಲೆ ಧಾನ್ಯ ಹಿಟ್ಟಾಗುತ್ತಿತ್ತು.

ನಮ್ಮ ಮನೆಗಳಲ್ಲಿ ಬೀಸುವ ಕಲ್ಲು ಮೂಲೆ ಸೇರಿದೆ, ಆದರೆ ಕ್ರಮ ಹಾಗೆಯೇ ಉಪಯೋಗಕ್ಕೆ ಬರುತ್ತದೆ. ನಡೆಯುವ ಸಂಕಲ್ಪವಾದರೆ ಚಪ್ಪಲಿ ಮೆಟ್ಟುವಾಗ ಹಾಡು ಶುರುವಾಗಲಿ. ಓದುವ ಸಂಕಲ್ಪವಾದರೆ ಪುಸ್ತಕ ತೆಗೆಯುವಾಗ. ಸಿಟ್ಟು ಬಿಡುವ ಸಂಕಲ್ಪವಾದರೆ ಕಚೇರಿಯಿಂದ ಬಂದು ಮನೆಯ ಬಾಗಿಲು ತೆರೆಯುವ ಮೊದಲು ಒಂದು ನುಡಿ, ಬಾಯೊಳಗೇ. ಕುಡಿತ ಅಥವಾ ಹೊಗೆಸೊಪ್ಪು ಬಿಡುವವರು ಆಸೆ ಎದ್ದ ಕ್ಷಣದಲ್ಲಿ ಇಡೀ ಹಾಡನ್ನು ಮುಗಿಸುವವರೆಗೆ ಕೈ ಚಾಚುವುದಿಲ್ಲವೆಂದು ನಿಯಮ ಮಾಡಿಕೊಳ್ಳಬಹುದು. ಐದು ನಿಮಿಷ ತಡೆದರೆ ಆಸೆಯ ಅಲೆ ಎಷ್ಟೋ ಸಲ ತಾನಾಗಿ ಇಳಿಯುತ್ತದೆ. ಆದರೆ ಚಟ ದೇಹಕ್ಕೆ ಹತ್ತಿದ್ದರೆ ಹಾಡೊಂದನ್ನೇ ನಂಬಬಾರದು, ವೈದ್ಯರನ್ನು ಕಾಣಲೇಬೇಕು. ಹೊರದೇಶದಲ್ಲಿರುವ ಕನ್ನಡಿಗರಿಗೆ ಯುಗಾದಿ ಸಾಮಾನ್ಯ ಕೆಲಸದ ದಿನವಾಗಿರುವುದರಿಂದ ಕಾರಿನಲ್ಲೋ ರೈಲಿನಲ್ಲೋ ಒಬ್ಬರೇ ಇರುವ ಸಮಯವನ್ನು ಇದಕ್ಕೆ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಒಂದೇ ಸಮಯ, ಒಂದೇ ಕೆಲಸ, ಒಂದೇ ಹಾಡು. ಬೇರೆ ಸಂದರ್ಭದಲ್ಲಿ ಮನರಂಜನೆಗಾಗಿ ಅದನ್ನು ಹಾಕಿಕೊಳ್ಳಬೇಡಿ, ಮೊಬೈಲಿನ ಕರೆಗಂಟೆಯಾಗಿ ಇಟ್ಟುಕೊಳ್ಳಲೇಬೇಡಿ.

ತಪ್ಪಿದ ದಿನ

ದಿನ ತಪ್ಪಿಯೇ ತಪ್ಪುತ್ತದೆ. ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಸಾವು ನೋವು ಬರುತ್ತವೆ. ಕೆಲಸ ಮಾಡಲಾಗದ ದಿನವೂ ಹಾಡನ್ನು ಮಾತ್ರ ಬಿಡಬೇಡಿ. ನಡೆಯಲಾಗದಿದ್ದರೆ ಮಲಗಿದ್ದಲ್ಲಿಯೇ ಒಂದು ನುಡಿ ಹೇಳಿಕೊಳ್ಳಿ. ಮರುದಿನ ಕೆಲಸಕ್ಕೆ ಮರಳುವ ದಾರಿ ಅದರಿಂದ ತೆರೆದಿರುತ್ತದೆ. ತಿಂಗಳಿಗೊಮ್ಮೆ, ನಾನು ಹುಣ್ಣಿಮೆಯ ದಿನ, ಬರೆದಿಟ್ಟ ಹಾಳೆಯ ಹಿಂಬದಿಯಲ್ಲಿ ತಪ್ಪಿದ ದಿನಗಳೆಷ್ಟು ಎಂದು ಅಂಕಿಯಲ್ಲಿ ಬರೆಯುತ್ತೇನೆ. ಕಾರಣ ಬರೆಯುವುದಿಲ್ಲ, ಕಾರಣ ಬರೆಯಲು ಕುಳಿತರೆ ಹಾಳೆ ಸಾಲದು. ಹಾಡು ಹಳತಾಯಿತು, ಬಾಯಿ ಹಾಡುತ್ತದೆ ಮನಸ್ಸು ಎಲ್ಲೋ ಇರುತ್ತದೆ ಎನಿಸಿದಾಗ ಹಾಡನ್ನು ಬದಲಿಸದೆ ವೇಗವನ್ನು ಅರ್ಧಕ್ಕಿಳಿಸಿ. ದಿನವೂ ಹಾಯ್ದುಹೋದ ಸಾಲಿನಲ್ಲಿ ಅಂದು ಬೇರೇನೋ ಕೇಳಿಸುತ್ತದೆ.

ಶುರುಮಾಡಲು ದಿನ ಯಾವುದೆಂದು ಕೇಳಿದರೆ ನಾನು ಯುಗಾದಿಯ ಮರುದಿನವನ್ನು ಹೇಳುತ್ತೇನೆ. ಹಬ್ಬದ ದಿನ ಎಣ್ಣೆಸ್ನಾನ, ಪೂಜೆ, ಪಂಚಾಂಗಶ್ರವಣ, ಒಬ್ಬಟ್ಟು ಎಂದು ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಹಳೆಯ ಮೈಸೂರಿನ ಕಡೆ ಮರುದಿನ ಹೊಸತೊಡಕು. ಅಂದು ಮಾಡಿದ್ದು ವರ್ಷವಿಡೀ ನಡೆಯುತ್ತದೆಂದು ಹಿರಿಯರು ನಂಬುತ್ತಾರೆ. ಹಿಂದಿನ ರಾತ್ರಿಯೇ ಹಾಳೆಯನ್ನು ತಲೆದಿಂಬಿನ ಬಳಿ ಇಟ್ಟುಕೊಂಡು ಮಲಗಿ. ಎಚ್ಚರವಾದ ಕೂಡಲೇ ಯಾರೊಡನೆಯೂ ಮಾತಾಡುವ ಮೊದಲು, ಫೋನು ಮುಟ್ಟುವ ಮೊದಲು, ನಿದ್ದೆಯ ಒರಟು ಇನ್ನೂ ಗಂಟಲಲ್ಲಿರುವಾಗಲೇ ಮೊದಲ ಸಾಲನ್ನು ಎತ್ತಿಕೊಳ್ಳಿ.